ನೋವು ಕೇಳುವವರಿಗೂ ಲೈಸೆನ್ಸ್ ಬೇಕೇ? ಅಮೆರಿಕದ ರಾಜ್ಯಗಳು ಉತ್ತರ ಹುಡುಕಿದ ಕಥೆ

ಗೊಬ್ಬರದ ಅಂಗಡಿಗೆ ಹೋದರೆ ಗೋಡೆಯ ಮೇಲೆ ಲೈಸೆನ್ಸ್ ತೂಗುಹಾಕಿರುತ್ತಾರೆ. ಔಷಧಿ ಅಂಗಡಿಯಲ್ಲೂ ಹಾಗೆಯೇ. ಟ್ರ್ಯಾಕ್ಟರ್ ಓಡಿಸಲು ಡಿಎಲ್ ಬೇಕು. ಸಂತೆಯಲ್ಲಿ ತಕ್ಕಡಿ ಹಿಡಿಯುವವರ ತೂಕದ ಬಟ್ಟಿಗೂ ಸರ್ಕಾರದ ಮುದ್ರೆ ಬೇಕು.

ಈಗ ಇನ್ನೊಂದು ಪ್ರಶ್ನೆ. ಸಾಲದ ಚಿಂತೆಯಲ್ಲಿ ತಿಂಗಳಿಂದ ನಿದ್ದೆ ಬಾರದ ಅಪ್ಪ, ಹೆರಿಗೆಯಾದ ಮೇಲೆ ಮಂಕಾಗಿ ಮೂಲೆ ಹಿಡಿದ ಸೊಸೆ, ಕುಡಿತ ಬಿಡುತ್ತೇನೆ ಎಂದು ಆಣೆ ಇಟ್ಟು ಮತ್ತೆ ಮತ್ತೆ ಸೋತ ಅಣ್ಣ. ಇವರು ತಮ್ಮ ಹೊಟ್ಟೆಯೊಳಗಿನ ಮಾತನ್ನು ಒಬ್ಬರ ಮುಂದೆ ಬಿಚ್ಚಿಡುತ್ತಾರೆ. ಆ ಮಾತು ಕೇಳಿ ಚಿಕಿತ್ಸೆ ಕೊಡುವ ವ್ಯಕ್ತಿಯ ಬಳಿ ಯಾವ ಕಾಗದ ಇರಬೇಕು? ಆ ಕಾಗದ ಕೊಡುವವರು ಯಾರು? ತಪ್ಪು ಮಾಡಿದರೆ ಅದನ್ನು ಕಿತ್ತುಕೊಳ್ಳುವವರು ಯಾರು?

ಈ ಪ್ರಶ್ನೆಯನ್ನು ಬಹಳ ಕಾಲ ಹಿಡಿದು ಕೂತ ದೇಶ ಅಮೆರಿಕ. ಅಲ್ಲಿ ಇಂಥ ಕೆಲಸ ಮಾಡುವವರಲ್ಲಿ ಒಂದು ದೊಡ್ಡ ಗುಂಪನ್ನು ಕ್ಲಿನಿಕಲ್ ಸೋಶಿಯಲ್ ವರ್ಕರ್ ಎನ್ನುತ್ತಾರೆ. ಇವರು ವೈದ್ಯರಲ್ಲ, ಮಾತ್ರೆ ಬರೆದುಕೊಡುವುದಿಲ್ಲ. ಸಮಾಜಕಾರ್ಯ ಓದಿ, ಮನಸ್ಸಿನ ಕಾಯಿಲೆಗಳನ್ನು ಗುರುತಿಸುವುದನ್ನೂ ಮಾತಿನ ಮೂಲಕ ಚಿಕಿತ್ಸೆ ನೀಡುವುದನ್ನೂ ಕಲಿತವರು. ಇವರಿಗೆ ಲೈಸೆನ್ಸ್ ಕೊಡುವುದು ದಿಲ್ಲಿಯಂಥ ರಾಜಧಾನಿಯ ಸರ್ಕಾರವಲ್ಲ, ಒಂದೊಂದು ರಾಜ್ಯ. 50 ರಾಜ್ಯ, 50 ಕಾನೂನು.

ಈ ಕಥೆಯನ್ನು ನಾವು ಇಲ್ಲಿ ಬರೆಯಲು ಕಾರಣವಿದೆ. ಅದೇ ಪ್ರಶ್ನೆ ಈಗ ನಮ್ಮ ಜಿಲ್ಲಾ ಆಸ್ಪತ್ರೆಗಳ ಬಾಗಿಲಿಗೂ ಬಂದಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಶುರುವಾಗಿದ್ದು ಮನೆಮನೆ ಭೇಟಿಯಿಂದ

1877ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಒಂದು ದಾನಧರ್ಮದ ಸಂಘ ಹುಟ್ಟಿತು. ಲಂಡನ್ನಿನಲ್ಲಿ ಅದಕ್ಕೂ ಮೊದಲು ನಡೆದಿದ್ದ ಪ್ರಯೋಗವೇ ಇದಕ್ಕೆ ಮಾದರಿ. ಬಡವರ ಮನೆಗೆ ಸ್ವಯಂಸೇವಕರನ್ನು ಕಳಿಸುವುದು, ಕಷ್ಟ ಏನೆಂದು ವಿಚಾರಿಸುವುದು, ಬುದ್ಧಿ ಹೇಳುವುದು, ಯಾರಿಗೆ ಸಹಾಯ ಕೊಡಬಹುದು ಎಂದು ಪಟ್ಟಿ ಮಾಡುವುದು ಅದರ ಕೆಲಸ. ಹೀಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಅನುಕೂಲಸ್ಥ ಮನೆತನದ ಹೆಂಗಸರು. ಅವರನ್ನು ಸ್ನೇಹದ ಭೇಟಿಗಾರರು ಎಂದು ಕರೆಯುತ್ತಿದ್ದರು.

ಅವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಹೊಟ್ಟೆ ತುಂಬಿದವರು ಹಸಿದವರ ಮನೆಗೆ ಹೋಗಿ ‘ಇವರು ಯೋಗ್ಯ ಬಡವರು, ಇವರು ಅಯೋಗ್ಯ ಬಡವರು’ ಎಂದು ಗೆರೆ ಎಳೆಯುವಾಗ ಏನಾಗುತ್ತದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಬಿಪಿಎಲ್ ಪಟ್ಟಿ ಮಾಡುವಾಗ ನಡೆಯುವ ಜಗಳ ನೋಡಿದವರಿಗೆ ಅದು ಗೊತ್ತು.

1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಗೆಳತಿಯರು ಷಿಕಾಗೋದಲ್ಲಿ ಬೇರೆ ದಾರಿ ಹಿಡಿದರು. ವಲಸೆ ಬಂದ ಕೂಲಿಕಾರರ ಬೀದಿಯಲ್ಲೇ ಮನೆ ಮಾಡಿ ಅವರ ನಡುವೆ ಬದುಕಿದರು. ಆ ಮನೆಯೇ ಹಲ್ ಹೌಸ್. ಜೇನ್ ಆಡಮ್ಸ್ ಅವರಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಒಳ್ಳೆಯ ಮನಸ್ಸು ಒಂದೇ ಸಾಲದು, ಕಲಿಕೆಯೂ ಬೇಕು ಎಂಬ ಮಾತು ನಿಧಾನಕ್ಕೆ ಬಲವಾಯಿತು. 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಬೇಸಿಗೆಯ ಆರು ವಾರಗಳ ತರಬೇತಿ ನಡೆಯಿತು. ಅದೇ ಬೆಳೆದು ಇಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಾಗಿದೆ.

1905ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯ ರಿಚರ್ಡ್ ಕ್ಯಾಬಟ್ ಹೊರರೋಗಿ ವಿಭಾಗಕ್ಕೆ ಒಬ್ಬ ಸಮಾಜಕಾರ್ಯಕರ್ತೆಯನ್ನು ತಂದು ಕೂರಿಸಿದರು. ಮೊದಲು ಗಾರ್ನೆಟ್ ಪೆಲ್ಟನ್, ಆಮೇಲೆ ದಶಕಗಳ ಕಾಲ ಐಡಾ ಕ್ಯಾನನ್ ಆ ಕೆಲಸ ನಡೆಸಿದರು. ಇಬ್ಬರೂ ನರ್ಸ್ ತರಬೇತಿ ಪಡೆದವರು. ಇದರ ಹಿಂದಿನ ತರ್ಕ ಸರಳ. ಕ್ಷಯ ರೋಗಿಗೆ ‘ಚೆನ್ನಾಗಿ ತಿನ್ನು, ವಿಶ್ರಾಂತಿ ತಗೋ’ ಎಂದು ವೈದ್ಯರು ಚೀಟಿ ಬರೆಯಬಹುದು. ಮನೆಯಲ್ಲಿ ಹಿಟ್ಟಿಲ್ಲ, ಕೂಲಿಗೆ ಹೋಗದಿದ್ದರೆ ಒಲೆ ಉರಿಯುವುದಿಲ್ಲ ಎಂದಾದರೆ ಆ ಚೀಟಿಯಿಂದ ಏನು ಪ್ರಯೋಜನ? ರೋಗದ ಅರ್ಧ ಭಾಗ ಮನೆಯಲ್ಲಿರುತ್ತದೆ. ಅದನ್ನು ನೋಡಲು ಒಬ್ಬರು ಬೇಕು.

‘ಇದು ವೃತ್ತಿಯೇ ಅಲ್ಲ’ ಎಂದ ಭಾಷಣ

1915ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸಮಾಜಕಾರ್ಯಕರ್ತರ ದೊಡ್ಡ ಸಮ್ಮೇಳನ ಸೇರಿತ್ತು. ಭಾಷಣಕ್ಕೆ ಕರೆದಿದ್ದು ಏಬ್ರಹಾಂ ಫ್ಲೆಕ್ಸ್‌ನರ್ ಅವರನ್ನು. ಐದು ವರ್ಷದ ಹಿಂದೆ, 1910ರಲ್ಲಿ, ಅಮೆರಿಕದ ವೈದ್ಯಕೀಯ ಕಾಲೇಜುಗಳ ಹುಳುಕನ್ನು ವರದಿಯಲ್ಲಿ ಬಿಚ್ಚಿಟ್ಟಿದ್ದವರು ಇವರೇ. ಆ ವರದಿಯ ನಂತರ ಅನೇಕ ಕಳಪೆ ಕಾಲೇಜುಗಳು ಬಾಗಿಲು ಹಾಕಿದ್ದವು.

ಸಮಾಜಕಾರ್ಯ ಒಂದು ವೃತ್ತಿಯೇ ಎಂಬುದು ಅವರಿಗೆ ಕೊಟ್ಟ ವಿಷಯ. ಇನ್ನೂ ಅಲ್ಲ ಎಂದು ಅವರು ನೇರವಾಗಿ ಹೇಳಿಬಿಟ್ಟರು. ವೈದ್ಯರಿಗೆ, ವಕೀಲರಿಗೆ, ಎಂಜಿನಿಯರಿಗೆ ತಮ್ಮದೇ ಆದ ಒಂದು ವಿದ್ಯೆ ಇದೆ. ಸಮಾಜಕಾರ್ಯಕರ್ತರು ಇವರನ್ನೆಲ್ಲ ಒಂದುಗೂಡಿಸುವ ಮಧ್ಯವರ್ತಿಗಳು ಮಾತ್ರ, ಕಲಿಸಿಕೊಡಬಹುದಾದ ಸ್ವಂತ ವಿಧಾನ ಅವರಲ್ಲಿಲ್ಲ ಎಂಬುದು ಅವರ ವಾದ.

ಆ ಮಾತು ಚುಚ್ಚಿತು, ಆದರೆ ಕೆಲಸವನ್ನೂ ಮಾಡಿಸಿತು. 1917ರಲ್ಲಿ ಮೇರಿ ರಿಚ್ಮಂಡ್ ‘ಸೋಶಿಯಲ್ ಡಯಾಗ್ನೋಸಿಸ್’ ಎಂಬ ದೊಡ್ಡ ಪುಸ್ತಕ ತಂದರು. ಒಬ್ಬ ವ್ಯಕ್ತಿಯ ಕಷ್ಟವನ್ನು ತಿಳಿಯುವಾಗ ಯಾರನ್ನು ಕೇಳಬೇಕು, ಯಾವ ಮಾತನ್ನು ಎಷ್ಟು ನಂಬಬೇಕು, ಹೇಗೆ ದಾಖಲಿಸಬೇಕು ಎಂಬ ವಿಧಾನ ಅದರಲ್ಲಿತ್ತು. 1918ರಲ್ಲಿ, ಮೊದಲ ಮಹಾಯುದ್ಧದಲ್ಲಿ ಮನಸ್ಸು ಕದಡಿ ಬಂದ ಸೈನಿಕರ ಆರೈಕೆಗೆಂದು, ಸ್ಮಿತ್ ಕಾಲೇಜಿನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿ ಶಾಲೆ ತೆರೆಯಿತು. ಅದರ ಹಿಂದೆ ಇದ್ದ ಮೇರಿ ಜ್ಯಾರೆಟ್ ಬಾಸ್ಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದವರು.

ಹೀಗೆ ವಿದ್ಯೆ ಬಂತು, ಶಾಲೆ ಬಂತು, ಪುಸ್ತಕ ಬಂತು. ಕಾನೂನು ಮಾತ್ರ ಇನ್ನೂ ಬಂದಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದವರೂ ‘ನಾನು ಸೋಶಿಯಲ್ ವರ್ಕರ್’ ಎಂದು ಬೋರ್ಡ್ ಹಾಕಿಕೊಳ್ಳಬಹುದಿತ್ತು.

ಲೈಸೆನ್ಸ್ ರಾಜ್ಯದ ಕೈಗೆ ಹೋದದ್ದು ಹೇಗೆ

ಅಮೆರಿಕದ ಸಂವಿಧಾನ ಕೇಂದ್ರಕ್ಕೆ ಕೊಡದ ಅಧಿಕಾರಗಳನ್ನು ರಾಜ್ಯಗಳಿಗೆ ಬಿಟ್ಟಿದೆ. ಜನರ ಆರೋಗ್ಯ, ಸುರಕ್ಷತೆ ಕಾಯುವ ಕೆಲಸ ಅದರಲ್ಲಿ ಸೇರುತ್ತದೆ. ವೃತ್ತಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಹಕ್ಕು ರಾಜ್ಯಕ್ಕಿದೆಯೇ ಎಂಬ ಪ್ರಶ್ನೆ 1889ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆಗ ಜಗಳ ವೈದ್ಯರದ್ದು.

ವೆಸ್ಟ್ ವರ್ಜೀನಿಯಾ ರಾಜ್ಯ ಒಂದು ಕಾನೂನು ಮಾಡಿತ್ತು. ಒಳ್ಳೆಯ ಹೆಸರಿನ ಕಾಲೇಜಿನ ಪದವಿ ಇರಬೇಕು, ಇಲ್ಲವೇ ಹತ್ತು ವರ್ಷ ಅದೇ ರಾಜ್ಯದಲ್ಲಿ ವೈದ್ಯಕೀಯ ಮಾಡಿರಬೇಕು, ಇಲ್ಲವೇ ರಾಜ್ಯದ ಪರೀಕ್ಷೆ ಪಾಸಾಗಬೇಕು. ಡೆಂಟ್ ಎಂಬ ವೈದ್ಯರ ಕಾಲೇಜನ್ನು ಮಂಡಳಿ ಒಪ್ಪಲಿಲ್ಲ. ಹತ್ತು ವರ್ಷದ ಅನುಭವವೂ ಅವರಿಗೆ ಇರಲಿಲ್ಲ. ನನ್ನ ಹೊಟ್ಟೆಪಾಡು ಕಿತ್ತುಕೊಳ್ಳುತ್ತಿದ್ದೀರಿ ಎಂದು ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಕೋರ್ಟ್ ರಾಜ್ಯದ ಪರ ನಿಂತಿತು. ಯಾವುದೇ ವೃತ್ತಿ ಹಿಡಿಯುವ ಹಕ್ಕು ಎಲ್ಲರಿಗೂ ಇದೆ, ಆದರೆ ಜನರ ಜೀವಕ್ಕೆ ಸಂಬಂಧಿಸಿದ ಕಡೆ ಯೋಗ್ಯತೆ ಕೇಳುವ ಹಕ್ಕು ರಾಜ್ಯಕ್ಕಿದೆ ಎಂಬುದು ತೀರ್ಪಿನ ಸಾರ. ಮುಂದೆ ಬಂದ ಲೈಸೆನ್ಸ್ ಕಾನೂನುಗಳಿಗೆಲ್ಲ ಇದೇ ಬುನಾದಿಯಾಯಿತು.

ಸಮಾಜಕಾರ್ಯಕರ್ತರ ಬಗ್ಗೆ ಮೊದಲ ಕಾನೂನು ಬಂದದ್ದು 1934ರಲ್ಲಿ, ಅದೂ ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊರಿಕೊ ದ್ವೀಪದಲ್ಲಿ. ರಾಜ್ಯಗಳ ಪೈಕಿ ಮೊದಲು ಹೆಜ್ಜೆ ಇಟ್ಟದ್ದು ಕ್ಯಾಲಿಫೋರ್ನಿಯಾ, 1945ರಲ್ಲಿ. ಆದರೆ ಆ ಕಾನೂನು ಕಾದದ್ದು ಹೆಸರನ್ನು ಮಾತ್ರ.

ಇಲ್ಲಿ ಒಂದು ವ್ಯತ್ಯಾಸ ತಿಳಿಯಬೇಕು. ಹೊಲಕ್ಕೆ ಬೇಲಿ ಹಾಕುವುದರಲ್ಲಿ ಎರಡು ಬಗೆ ಎಂದುಕೊಳ್ಳಿ. ಮೊದಲನೆಯದು ಹೆಸರಿಗೆ ಹಾಕುವ ಬೇಲಿ. ನೋಂದಣಿ ಮಾಡಿಸದವರು ‘ನೋಂದಾಯಿತ ಸಮಾಜಕಾರ್ಯಕರ್ತ’ ಎಂದು ಕರೆದುಕೊಳ್ಳುವಂತಿಲ್ಲ, ಆದರೆ ಬೇರೆ ಹೆಸರಿನಲ್ಲಿ ಅದೇ ಕೆಲಸ ಮಾಡಬಹುದು. ಎರಡನೆಯದು ಕೆಲಸಕ್ಕೇ ಹಾಕುವ ಬೇಲಿ. ಲೈಸೆನ್ಸ್ ಇಲ್ಲದೆ ಆ ಕೆಲಸವನ್ನೇ ಮಾಡುವಂತಿಲ್ಲ. ಮೊದಲನೆಯದರಿಂದ ವೃತ್ತಿಯ ಮರ್ಯಾದೆ ಉಳಿಯುತ್ತದೆ. ಎರಡನೆಯದರಿಂದ ಕಷ್ಟ ಹೇಳಿಕೊಂಡು ಬಂದವರಿಗೆ ರಕ್ಷಣೆ ಸಿಗುತ್ತದೆ. ಅಮೆರಿಕದ ರಾಜ್ಯಗಳು ಮೊದಲನೆಯದರಿಂದ ಎರಡನೆಯದಕ್ಕೆ ಬರಲು ದಶಕಗಳೇ ಹಿಡಿದವು.

1955ರಲ್ಲಿ ಏಳು ಸಂಘಟನೆಗಳು ಸೇರಿ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ ಕಟ್ಟಿದವು. 1960ರ ದಶಕದಲ್ಲಿ ಆ ಸಂಘವೇ ಅನುಭವಿಗಳಿಗೆ ಪ್ರಮಾಣಪತ್ರ ಕೊಡತೊಡಗಿತು. ಆದರೆ ಸಂಘದ ಕಾಗದಕ್ಕೆ ಕಾನೂನಿನ ಬಲವಿಲ್ಲ. ತಪ್ಪು ಮಾಡಿದವರನ್ನು ಸಂಘದಿಂದ ಹೊರಹಾಕಬಹುದು, ಅಷ್ಟೇ. ಪಕ್ಕದ ಬೀದಿಯಲ್ಲಿ ಅವರು ಮತ್ತೆ ಬಾಗಿಲು ತೆರೆದರೆ ತಡೆಯುವವರಿಲ್ಲ. ಹೀಗಾಗಿ ಲೈಸೆನ್ಸ್ ಕಾನೂನು ಬೇಕೆಂಬ ಒತ್ತಾಯ ರಾಜ್ಯ ರಾಜ್ಯಗಳಲ್ಲಿ ಎದ್ದಿತು. 1979ರಲ್ಲಿ ರಾಜ್ಯಗಳ ಲೈಸೆನ್ಸ್ ಮಂಡಳಿಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. 1983ರಿಂದ ಎಲ್ಲರಿಗೂ ಒಂದೇ ಬಗೆಯ ಪರೀಕ್ಷೆ ಶುರುವಾಯಿತು. 1990ರ ದಶಕದ ಆರಂಭದ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಒಂದಲ್ಲ ಒಂದು ಬಗೆಯ ಕಾನೂನು ಬಂದಿತ್ತು.

ಹಣದ ಕಾರಣವೂ ಇತ್ತು, ಅದನ್ನು ಮುಚ್ಚಿಡಬಾರದು. ಮೆಡಿಕೇರ್ ಎಂಬುದು 65 ವರ್ಷ ದಾಟಿದವರಿಗೆ ಅಲ್ಲಿನ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆ. 1989ರ ಕಾನೂನು ಕ್ಲಿನಿಕಲ್ ಸೋಶಿಯಲ್ ವರ್ಕರ್‌ಗಳ ಚಿಕಿತ್ಸೆಗೂ ಆ ವಿಮೆಯಿಂದ ಹಣ ಕೊಡಲು ಒಪ್ಪಿತು. ಷರತ್ತುಗಳು ಮೂರು: ಸ್ನಾತಕೋತ್ತರ ಪದವಿ, ಅದಾದ ಮೇಲೆ ಮೇಲ್ವಿಚಾರಣೆಯಲ್ಲಿ ಎರಡು ವರ್ಷದ ಕೆಲಸ, ರಾಜ್ಯದ ಲೈಸೆನ್ಸ್. ಮನಶ್ಶಾಸ್ತ್ರಜ್ಞರಿಗೆ ಕೊಡುವ ದರದ ಶೇ 75ರಷ್ಟನ್ನು ಇವರಿಗೆ ಗೊತ್ತುಮಾಡಿದರು. ಅಂದಿನಿಂದ ಲೈಸೆನ್ಸ್ ಎಂದರೆ ಗೌರವದ ಜೊತೆಗೆ ಅನ್ನವೂ ಆಯಿತು.

ಮೂರು ಬಾಗಿಲು

ಇಂದು ಅಮೆರಿಕದಲ್ಲಿ ಕ್ಲಿನಿಕಲ್ ಸೋಶಿಯಲ್ ವರ್ಕರ್ ಆಗಬೇಕಾದರೆ ಸಾಮಾನ್ಯವಾಗಿ ಮೂರು ಬಾಗಿಲು ದಾಟಬೇಕು.

ಮೊದಲನೆಯದು ಓದು. ಮಾನ್ಯತೆ ಇರುವ ಸಂಸ್ಥೆಯಿಂದ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ. ನಮ್ಮಲ್ಲಿ ಎಂಎಸ್‌ಡಬ್ಲ್ಯೂ ಎನ್ನುವುದು ಇದನ್ನೇ.

ಎರಡನೆಯದು ಗಂಟೆಗಳು. ಪದವಿ ಮುಗಿದ ಕೂಡಲೇ ಸ್ವತಂತ್ರವಾಗಿ ಕೂರುವಂತಿಲ್ಲ. ಲೈಸೆನ್ಸ್ ಇರುವ ಹಿರಿಯರ ಕೈಕೆಳಗೆ ಕೆಲಸ ಮಾಡಬೇಕು. ಕ್ಯಾಲಿಫೋರ್ನಿಯಾದಲ್ಲಿ 3,000 ಗಂಟೆ, ಅದೂ ಕನಿಷ್ಠ 104 ವಾರಗಳಲ್ಲಿ ಹರಡಿರಬೇಕು. ಟೆಕ್ಸಾಸ್‌ನಲ್ಲೂ 3,000 ಗಂಟೆ. ನ್ಯೂಯಾರ್ಕ್ ಲೆಕ್ಕ ಬೇರೆ: ಜನರ ಎದುರು ಕೂತು ಚಿಕಿತ್ಸೆ ಕೊಟ್ಟ ಸಮಯವೇ 2,000 ಗಂಟೆ ಆಗಬೇಕು.

ಈ ಗಂಟೆಗಳಲ್ಲಿ ಏನು ನಡೆಯುತ್ತದೆ? ಹೊಸಬರು ತಾವು ಕೇಳಿದ್ದನ್ನು, ಹೇಳಿದ್ದನ್ನು ಹಿರಿಯರ ಮುಂದೆ ಇಡುತ್ತಾರೆ. ‘ಆಕೆ ಸುಮ್ಮನಾದಾಗ ನೀನೇಕೆ ಆತುರಪಟ್ಟೆ? ಆತ ಸಾಯುವ ಮಾತಾಡಿದಾಗ ಮನೆಯಲ್ಲಿ ವಿಷದ ಡಬ್ಬಿ ಇದೆಯೇ ಎಂದು ಕೇಳಿದೆಯಾ?’ ಎಂಬಂಥ ಪ್ರಶ್ನೆಗಳನ್ನು ಹಿರಿಯರು ಕೇಳುತ್ತಾರೆ. ಸೈಕಲ್ ಕಲಿಯುವಾಗ ಹಿಂದೆ ಹಿಡಿದುಕೊಂಡು ಓಡುವ ಅಣ್ಣನ ಹಾಗೆ.

ಮೂರನೆಯದು ಪರೀಕ್ಷೆ. ವರ್ಷಗಳ ಕಾಲ ಅದು 170 ಪ್ರಶ್ನೆಗಳ, 4 ಗಂಟೆಯ ಪರೀಕ್ಷೆಯಾಗಿತ್ತು. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಎನ್ನುವ ಬಗೆಯದು.

ಬಾಗಿಲು ದಾಟಿದ ಮೇಲೂ ಕಣ್ಣು ಇರುತ್ತದೆ. ಕಾಲಕಾಲಕ್ಕೆ ಲೈಸೆನ್ಸ್ ನವೀಕರಣ, ಅದಕ್ಕೆ ಮುಂದುವರಿದ ಕಲಿಕೆಯ ಲೆಕ್ಕ. ಯಾರ ವಿರುದ್ಧವಾದರೂ ದೂರು ಬಂದರೆ ರಾಜ್ಯ ಮಂಡಳಿ ವಿಚಾರಣೆ ಮಾಡುತ್ತದೆ, ಎಚ್ಚರಿಕೆ ಕೊಡಬಹುದು, ಲೈಸೆನ್ಸ್ ಕಸಿಯಬಹುದು. ಯಾರಿಗೆ ಲೈಸೆನ್ಸ್ ಇದೆ ಎಂಬುದನ್ನು ಜನ ತಾವೇ ಆನ್‌ಲೈನ್‌ನಲ್ಲಿ ನೋಡಬಹುದು.

ಗುಟ್ಟು ಉಳಿಸಿದ ಕಾಗದ

ಇಷ್ಟೆಲ್ಲ ಕಟ್ಟುನಿಟ್ಟಿನಿಂದ ನೊಂದವರಿಗೆ ಸಿಕ್ಕಿದ್ದೇನು? ಅದಕ್ಕೆ ಒಂದು ಮೊಕದ್ದಮೆ ಉತ್ತರ ಕೊಡುತ್ತದೆ.

1991ರ ಜೂನ್ ತಿಂಗಳು. ಇಲಿನಾಯ್ಸ್ ರಾಜ್ಯದ ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ ಜಗಳ ನಡೆಯುತ್ತಿದೆ ಎಂಬ ಕರೆ ಬಂದು ಒಬ್ಬ ಮಹಿಳಾ ಪೊಲೀಸ್ ಸ್ಥಳಕ್ಕೆ ಹೋದರು. ಅಲ್ಲಿ ಅವರ ಗುಂಡಿಗೆ ಒಬ್ಬ ವ್ಯಕ್ತಿ ಬಲಿಯಾದ. ಆತ ಚಾಕು ಹಿಡಿದು ಇನ್ನೊಬ್ಬನನ್ನು ಅಟ್ಟಿಸಿಕೊಂಡು ಬರುತ್ತಿದ್ದ ಎಂದು ಪೊಲೀಸ್ ಹೇಳಿದರು. ಆತನ ಕೈಯಲ್ಲಿ ಆಯುಧವೇ ಇರಲಿಲ್ಲ ಎಂದು ಮನೆಯವರು ಕೋರ್ಟಿಗೆ ಹೋದರು.

ಆ ಘಟನೆಯ ನಂತರ ಪೊಲೀಸ್ ಅಧಿಕಾರಿ ಒಬ್ಬ ಕ್ಲಿನಿಕಲ್ ಸೋಶಿಯಲ್ ವರ್ಕರ್ ಬಳಿ ಸುಮಾರು 50 ಬಾರಿ ಹೋಗಿ ಮಾತಾಡಿದ್ದರು. ಆ ಮಾತುಗಳ ಟಿಪ್ಪಣಿ ಕೊಡಿ ಎಂದು ಸತ್ತವನ ಕಡೆಯ ವಕೀಲರು ಕೇಳಿದರು. ನ್ಯಾಯಾಧೀಶರೂ ಕೊಡಿ ಎಂದರು. ಸೋಶಿಯಲ್ ವರ್ಕರ್ ಕೊಡಲಿಲ್ಲ. ಕೊಡದಿದ್ದರೆ ಅದರಲ್ಲಿ ಇರುವುದು ಪೊಲೀಸ್ ಅಧಿಕಾರಿಗೆ ವಿರುದ್ಧವಾದದ್ದೇ ಎಂದು ನೀವು ಭಾವಿಸಬಹುದು ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಜ್ಯೂರಿ 5,45,000 ಡಾಲರ್ ಪರಿಹಾರ ವಿಧಿಸಿತು. ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿತು. ಕೊನೆಗೆ ವಿಷಯ ಸುಪ್ರೀಂ ಕೋರ್ಟಿಗೆ ಬಂತು.

1996ರ ಜೂನ್ 13ರಂದು ತೀರ್ಪು. ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಮನಸ್ಸಿನ ಚಿಕಿತ್ಸೆಯಲ್ಲಿ ಹೇಳಿಕೊಂಡ ಮಾತನ್ನು ಕೋರ್ಟಿನಲ್ಲಿ ಬಲವಂತದಿಂದ ಹೊರಗೆಳೆಯುವಂತಿಲ್ಲ, ಈ ರಕ್ಷಣೆ ವೈದ್ಯರು ಮತ್ತು ಮನಶ್ಶಾಸ್ತ್ರಜ್ಞರಿಗೆ ಮಾತ್ರವಲ್ಲ, ಲೈಸೆನ್ಸ್ ಇರುವ ಸೋಶಿಯಲ್ ವರ್ಕರ್‌ಗಳಿಗೂ ಅನ್ವಯ ಎಂದು ಬಹುಮತ ಹೇಳಿತು. ಕಾರಣವಾಗಿ ಕೊಟ್ಟ ಒಂದು ಮಾತು ಬಹಳ ಮುಖ್ಯ. ಸೋಶಿಯಲ್ ವರ್ಕರ್ ಬಳಿ ಬರುವವರಲ್ಲಿ ಬಡವರು, ಸಾಧಾರಣ ಆದಾಯದವರು ಹೆಚ್ಚು. ದುಡ್ಡಿದ್ದವರ ಗುಟ್ಟು ಉಳಿದು ಬಡವರ ಗುಟ್ಟು ಬೀದಿಗೆ ಬರುವುದು ನ್ಯಾಯವಲ್ಲ ಎಂಬುದು ಅದರ ತಾತ್ಪರ್ಯ.

ಒಪ್ಪದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಅವರ ಪ್ರಶ್ನೆಯೂ ಸುಲಭದ್ದಲ್ಲ. ಮನಸ್ಸು ನೊಂದಾಗ ಜನ ಹೆಚ್ಚಾಗಿ ಆಸರೆ ಪಡೆಯುವುದು ತಾಯಿಯ ಹತ್ತಿರ. ತಾಯಿಗೆ ಹೇಳಿದ ಮಾತಿಗೆ ಕಾನೂನು ಇಂಥ ರಕ್ಷಣೆ ಕೊಟ್ಟಿಲ್ಲ, ಹಾಗಿರುವಾಗ ಸೋಶಿಯಲ್ ವರ್ಕರ್‌ಗೆ ಏಕೆ ಎಂದು ಅವರು ಕೇಳಿದರು. ಅವರ ತರಬೇತಿ ವೈದ್ಯರ ಮಟ್ಟದ್ದಲ್ಲ ಎಂದೂ ಬರೆದರು.

ನಮಗೆ ತೋಚುವ ಉತ್ತರ ಇಷ್ಟು. ತಾಯಿಯನ್ನು ನಾವು ಹುಟ್ಟಿದಂದಿನಿಂದ ಬಲ್ಲೆವು. ಅಪರಿಚಿತರನ್ನು ನಂಬಬೇಕಾದರೆ ಆ ನಂಬಿಕೆಗೆ ಯಾರಾದರೂ ಜಾಮೀನು ನಿಲ್ಲಬೇಕು. ಲೈಸೆನ್ಸ್ ಎಂದರೆ ರಾಜ್ಯ ನಿಂತ ಜಾಮೀನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ನಮ್ಮ ಹಿರಿಯರು. ಆಡಿದ ಮಾತು ಹೋಗದಂತೆ ಕಾಯುವ ಡಬ್ಬಿ ಈ ಕಾಗದ. ನಾವು ವರದಿಗಾರರು, ನಮ್ಮ ಮುಂದೆ ಜನ ಹೇಳಿದ್ದು ಮರುದಿನ ಸುದ್ದಿಯಾಗುತ್ತದೆ. ಅವರ ಮುಂದೆ ಹೇಳಿದ್ದು ಅಲ್ಲೇ ಉಳಿಯಬೇಕು.

ಬಾಗಿಲು ಯಾರಿಗೆ ಮುಚ್ಚಿತು?

ಆದರೆ ಬೇಲಿ ಹಾಕಿದಾಗ ಕಳ್ಳರಷ್ಟೇ ಹೊರಗೆ ಉಳಿಯುವುದಿಲ್ಲ. ಕೆಲವೊಮ್ಮೆ ಮನೆಯವರೂ ಉಳಿಯುತ್ತಾರೆ.

2022ರ ಆಗಸ್ಟ್‌ನಲ್ಲಿ ಪರೀಕ್ಷೆ ನಡೆಸುವ ಒಕ್ಕೂಟ ತನ್ನ ಅಂಕಿಅಂಶಗಳನ್ನು ಹೊರಹಾಕಿತು. ಕ್ಲಿನಿಕಲ್ ಪರೀಕ್ಷೆಯನ್ನು ಮೊದಲ ಯತ್ನದಲ್ಲೇ ಪಾಸಾದ ಬಿಳಿಯರು ಸುಮಾರು ಶೇ 84. ಕಪ್ಪು ವರ್ಣದವರು ಸುಮಾರು ಶೇ 45. ವಯಸ್ಸಾದ ಅಭ್ಯರ್ಥಿಗಳು ಎಳೆಯರಿಗಿಂತ ಹಿಂದೆ. ಇವರೆಲ್ಲ ಅದೇ ಪದವಿ ಓದಿದವರು, ಹಿರಿಯರ ಕೈಕೆಳಗೆ ಸಾವಿರಾರು ಗಂಟೆ ದುಡಿದವರು.

ಇದರ ಬಗ್ಗೆ ಅಲ್ಲಿ ದೊಡ್ಡ ವಾದ ನಡೆಯಿತು. ಪರೀಕ್ಷೆಯ ಪ್ರಶ್ನೆಗಳೇ ಒಂದು ವರ್ಗದವರ ಬದುಕಿಗೆ ಹೊಂದುವಂತಿವೆ, ಒಳ್ಳೆಯ ಕೆಲಸಗಾರರನ್ನು ಅಳೆಯುವ ತಕ್ಕಡಿ ಇದಲ್ಲ ಎಂದರು ಕೆಲವರು. ತಕ್ಕಡಿಯನ್ನು ಬೈಯಬೇಡಿ, ಶಾಲೆ, ಫೀಸು, ಬಡತನದ ಅಸಮಾನತೆ ಅಲ್ಲಿ ಕಾಣುತ್ತಿದೆ ಎಂದರು ಇನ್ನು ಕೆಲವರು. ಎರಡರಲ್ಲೂ ಸತ್ಯವಿದೆ. ಆದರೆ ನಷ್ಟ ಯಾರಿಗೆ? ತನ್ನ ಬೀದಿಯ, ತನ್ನ ಭಾಷೆಯ ಒಬ್ಬರ ಹತ್ತಿರ ಮನಸ್ಸು ಬಿಚ್ಚಲು ಕಾದಿದ್ದ ವ್ಯಕ್ತಿಗೆ.

ಕೆಲವು ರಾಜ್ಯಗಳು ಬಾಗಿಲನ್ನು ಸ್ವಲ್ಪ ತಿರುಗಿಸಿ ಕೂರಿಸಿದವು. ಇಲಿನಾಯ್ಸ್ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಕ್ಲಿನಿಕಲ್ ಪರೀಕ್ಷೆಯಲ್ಲಿ ಪಾಸಾಗದವರು ಮತ್ತೂ 3,000 ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ಲೈಸೆನ್ಸ್ ಪಡೆಯಬಹುದು. ಓದು ಬಿಟ್ಟಿಲ್ಲ, ಹಿರಿಯರ ಕಣ್ಣು ಬಿಟ್ಟಿಲ್ಲ. ಪರೀಕ್ಷೆಯ ಬದಲು ಕೆಲಸವನ್ನೇ ಅಳೆಯಲು ಒಪ್ಪಿದ್ದಾರೆ.

ಇನ್ನೊಂದು ತೊಡಕು ರಾಜ್ಯದ ಗಡಿಯದ್ದು. ಒಂದು ರಾಜ್ಯದ ಲೈಸೆನ್ಸ್ ಪಕ್ಕದ ರಾಜ್ಯದಲ್ಲಿ ನಡೆಯುವುದಿಲ್ಲ. ಬೆಳಗಾವಿಯ ಕಾಗದ ಕೊಲ್ಹಾಪುರದಲ್ಲಿ ಕೆಲಸಕ್ಕೆ ಬಾರದಿದ್ದರೆ ಹೇಗೋ ಹಾಗೆ. ವಿಡಿಯೊ ಕರೆಯಲ್ಲಿ ಚಿಕಿತ್ಸೆ ಕೊಡುವ ಕಾಲದಲ್ಲಿ ಇದು ಇನ್ನೂ ಕಷ್ಟ. ಅದಕ್ಕಾಗಿ ರಾಜ್ಯಗಳ ನಡುವೆ ಒಂದು ಒಪ್ಪಂದ ರೂಪಿಸಿದರು. 2023ರಲ್ಲಿ ಮಿಸೌರಿ ಮೊದಲು ಸೇರಿತು. 2024ರಲ್ಲಿ ಏಳು ರಾಜ್ಯಗಳಾಗಿ ಒಪ್ಪಂದ ಜೀವ ಪಡೆಯಿತು. ಆಮೇಲೆ ಇನ್ನಷ್ಟು ರಾಜ್ಯಗಳು ಸೇರಿಕೊಂಡವು.

ಮುಂಬೈ, ಬೆಂಗಳೂರು, ಬಳ್ಳಾರಿ

ಈಗ ನಮ್ಮ ಕಡೆ ಬರೋಣ. ಭಾರತದಲ್ಲಿ ಸಮಾಜಕಾರ್ಯ ಕಲಿಸುವ ಮೊದಲ ಶಾಲೆ ಶುರುವಾದದ್ದು 1936ರಲ್ಲಿ ಮುಂಬೈಯಲ್ಲಿ, ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ. ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್ಶಾರ್ಟ್ ಅಮೆರಿಕದಿಂದ ಬಂದವರು. ಮುಂಬೈಯ ನಾಗಪಾಡಾ ಬಡಾವಣೆಯಲ್ಲಿ, ಹಲ್ ಹೌಸ್ ಮಾದರಿಯಲ್ಲಿ ಬಡವರ ನಡುವೆ ಕೇಂದ್ರ ನಡೆಸುತ್ತಿದ್ದವರು. ಆ ಶಾಲೆಯೇ ಇಂದಿನ ಟಿಸ್.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಮನೋವೈದ್ಯಕೀಯ ಸಮಾಜಕಾರ್ಯ ಅಲ್ಲಿ ಪ್ರತ್ಯೇಕ ವಿಭಾಗ. 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಜನಕ್ಕೆ ಹಳ್ಳಿಯ ಹತ್ತಿರವೇ ಮಾನಸಿಕ ಚಿಕಿತ್ಸೆ ಸಿಗುವಂತೆ ನಿಮ್ಹಾನ್ಸ್ ಪ್ರಯೋಗ ಮಾಡಿತು. ಬಳ್ಳಾರಿಯ ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಪಾಯವಾಯಿತು. ಇದು ಕನ್ನಡನಾಡು ದೇಶಕ್ಕೆ ಕೊಟ್ಟ ಕೊಡುಗೆ.

ಕಾನೂನಿನ ಹೆಜ್ಜೆ ತಡವಾಗಿ ಬಂತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಎಂದರೆ ಯಾರು ಎಂದು ಬರೆದಿಟ್ಟಿತು: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಮೇಲ್ವಿಚಾರಣೆಯ ತರಬೇತಿ ಸೇರಿದ ಎರಡು ವರ್ಷದ ಎಂ.ಫಿಲ್. ಇವರನ್ನು ನೋಂದಣಿ ಮಾಡಿ ಪಟ್ಟಿ ಪ್ರಕಟಿಸುವ ಹೊಣೆಯನ್ನು 55ನೇ ಕಲಮು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ವಹಿಸಿತು. ಅಂದರೆ ನಮ್ಮಲ್ಲೂ ಕೀಲಿಕೈ ರಾಜ್ಯದ ಕೈಯಲ್ಲೇ.

2021ರಲ್ಲಿ ಇನ್ನೊಂದು ಕಾನೂನು ಬಂತು. ವೈದ್ಯರು, ನರ್ಸ್‌ಗಳಂಥವರನ್ನು ಬಿಟ್ಟು ಉಳಿದ ಹಲವು ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ನೋಂದಣಿ ಪುಸ್ತಕ ಇರಬೇಕು ಎನ್ನುತ್ತದೆ ಅದು. ಆ ವೃತ್ತಿಗಳ ಪಟ್ಟಿಯಲ್ಲಿ ‘ಕ್ಲಿನಿಕಲ್ ಸೋಶಿಯಲ್ ವರ್ಕರ್’ ಎಂಬ ಹೆಸರು ಸ್ಪಷ್ಟವಾಗಿ ಇದೆ. ಪಕ್ಕದಲ್ಲೇ ಮನೋವೈದ್ಯಕೀಯ ಮತ್ತು ವೈದ್ಯಕೀಯ ಸಮಾಜಕಾರ್ಯಕರ್ತರ ಹೆಸರೂ ಇದೆ.

ಗುಟ್ಟಿನ ವಿಷಯದಲ್ಲಿ ನಾವು ಇನ್ನೂ ಹಿಂದಿದ್ದೇವೆ. 2017ರ ಕಾಯ್ದೆಯ 23ನೇ ಕಲಮು ಗೋಪ್ಯತೆಯ ಹಕ್ಕು ಕೊಟ್ಟಿದೆ. ಚಿಕಿತ್ಸೆಯಲ್ಲಿ ತಿಳಿದದ್ದನ್ನು ಹೊರಗೆ ಹೇಳುವಂತಿಲ್ಲ. ಆದರೆ ಹೈಕೋರ್ಟ್, ಸುಪ್ರೀಂ ಕೋರ್ಟ್ ಆದೇಶ ಕೊಟ್ಟರೆ, ಯಾರಿಗಾದರೂ ಹಾನಿಯಾಗುವುದನ್ನು ತಪ್ಪಿಸಬೇಕಾದರೆ ಹೇಳಬಹುದು. ಕೋರ್ಟಿನಲ್ಲಿ ವಕೀಲರಿಗೆ ಹೇಳಿದ ಮಾತಿಗೆ ಇರುವಂಥ ಪ್ರತ್ಯೇಕ ರಕ್ಷಣೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಚಿಕಿತ್ಸೆ ಕೊಡುವವರಿಗೆ ಇಲ್ಲ.

ಕೇಳಬೇಕಾದ ನಾಲ್ಕು ಪ್ರಶ್ನೆ

ಅಮೆರಿಕದ ಇತಿಹಾಸ ನಮಗೆ ಎರಡು ಮಾತು ಹೇಳುತ್ತದೆ. ಬೇಲಿ ಇಲ್ಲದಿದ್ದರೆ ಬೋರ್ಡ್ ಹಾಕಿಕೊಂಡವರೆಲ್ಲ ಆಪ್ತ ಸಮಾಲೋಚಕರಾಗುತ್ತಾರೆ, ಮೋಸ ಹೋಗುವವರು ಬಡವರು. ಬೇಲಿ ಬಹಳ ಎತ್ತರವಾದರೆ ಒಳಗೆ ಬರುವವರು ಪಟ್ಟಣದ ಕೆಲವರೇ ಆಗುತ್ತಾರೆ, ಆಗಲೂ ಕೈ ಖಾಲಿ ಉಳಿಯುವುದು ಬಡವರದ್ದೇ. ನಮ್ಮ ಆಯೋಗ, ಪರಿಷತ್ತುಗಳು ನಿಯಮ ಬರೆಯುವ ಈ ಹೊತ್ತಿನಲ್ಲಿ ಎರಡನ್ನೂ ನೆನಪಿಡಬೇಕು. ರಾಯಚೂರಿನ, ಚಾಮರಾಜನಗರದ ಹುಡುಗಿ ಕನ್ನಡದಲ್ಲಿ ಓದಿ ಈ ಬಾಗಿಲು ದಾಟುವಂತಿರಬೇಕು. ದಾಟಿದ ಮೇಲೆ ಆಕೆಯ ಕೆಲಸದ ಮೇಲೆ ಹಿರಿಯರ ಕಣ್ಣೂ ಇರಬೇಕು.

ಅಲ್ಲಿಯವರೆಗೆ, ನಿಮ್ಮ ಮನೆಯವರನ್ನು ಸಮಾಲೋಚನೆಗೆ ಕರೆದುಕೊಂಡು ಹೋದಾಗ ಈ ನಾಲ್ಕನ್ನು ಸಂಕೋಚವಿಲ್ಲದೆ ಕೇಳಿ.

1. ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ?
2. ನಿಮ್ಮ ನೋಂದಣಿ ಯಾವ ಪ್ರಾಧಿಕಾರದಲ್ಲಿದೆ, ಸಂಖ್ಯೆ ಏನು?
3. ಇಲ್ಲಿ ಹೇಳಿದ ಮಾತು ಯಾರ ಯಾರಿಗೆ ತಿಳಿಯುತ್ತದೆ?
4. ಸರಿ ಅನ್ನಿಸದಿದ್ದರೆ ಯಾರಿಗೆ ದೂರು ಕೊಡಬೇಕು?

ಸರಿಯಾಗಿ ಕಲಿತವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸೇವೆಯಲ್ಲಿ ಕೊರತೆ ಇದ್ದರೆ ದೂರು ಕೊಡುವ ಹಕ್ಕನ್ನು 2017ರ ಕಾಯ್ದೆಯೇ ಕೊಟ್ಟಿದೆ. ಎಲ್ಲಿ ಹೋಗಬೇಕು ಎಂದು ತಿಳಿಯದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ವಿಚಾರಿಸಿ. ರಾತ್ರಿಯಾಗಲಿ ಹಗಲಾಗಲಿ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕರೆಗೆ ದುಡ್ಡಿಲ್ಲ.

ಗೊಬ್ಬರದ ಅಂಗಡಿಯ ಲೈಸೆನ್ಸ್ ಬೆಳೆ ಕಾಯಲು. ಈ ಲೈಸೆನ್ಸ್ ಇರುವುದು ಮನುಷ್ಯರನ್ನು ಕಾಯಲು. ಕೇಳುವವರ ಹೆಮ್ಮೆಗಲ್ಲ, ಹೇಳಿಕೊಳ್ಳುವವರ ಧೈರ್ಯಕ್ಕೆ. ಈ ಬರಹವನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೂ ಅಂಗನವಾಡಿ ಅಕ್ಕನಿಗೂ ಕಳಿಸಿ. ಕಷ್ಟದಲ್ಲಿರುವವರ ಮನೆ ಬಾಗಿಲಿಗೆ ಮೊದಲು ಹೋಗುವವರು ಅವರೇ.